ಹಳೆಯ ಹಿತ್ತಾಳೆ ವಾದ್ಯದ ವಯಸ್ಸು ಪತ್ತೆಹಚ್ಚುವ ಸೂತ್ರಗಳು

ಅಜ್ಜ ನುಡಿಸುತ್ತಿದ್ದ ಕಾರ್ನೆಟ್, ಚರ್ಚಿನ ಅಟ್ಟದಲ್ಲಿ ಸಿಕ್ಕ ಯುಫೋನಿಯಂ, ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಬಿದ್ದಿರುವ ಬ್ಯೂಗಲ್. ಇಂಥದ್ದೊಂದು ಕೈಗೆ ಬಂದರೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಇದು ಎಲ್ಲಿಯದು? ಎಷ್ಟು ಹಳೆಯದು? ಉತ್ತರ ವಾದ್ಯದ ಮೈಮೇಲೆಯೇ ಇರುತ್ತದೆ, ಆದರೆ ಒಂದೇ ಕಡೆ ಇರುವುದಿಲ್ಲ. ಯಾವ ಒಂದು ಗುರುತೂ ತಾನೇ ತಾನಾಗಿ ವರ್ಷ ಹೇಳುವುದಿಲ್ಲ. ಕೆಲವು ಗುರುತುಗಳು "ಇದಕ್ಕಿಂತ ಹಿಂದಿನದಲ್ಲ" ಎನ್ನುತ್ತವೆ, ಕೆಲವು "ಇದಕ್ಕಿಂತ ಈಚಿನದಲ್ಲ" ಎನ್ನುತ್ತವೆ. ಈ ಎರಡು ಗಡಿಗಳನ್ನು ಹಾಕಿಕೊಂಡು, ಅವನ್ನು ಹತ್ತಿರ ಹತ್ತಿರ ತರುತ್ತ ಹೋಗುವುದೇ ಇಡೀ ವಿದ್ಯೆ. ತಾಳ್ಮೆ ಇದ್ದವರಿಗೆಲ್ಲ ಇದು ಒಲಿಯುತ್ತದೆ. ಕೆಳಗಿನ ಸೂತ್ರಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ.

1. ತೊಳೆಯುವ ಮೊದಲು ನೋಡಿ

ಹಿತ್ತಾಳೆ ಕಂಡೊಡನೆ ಹುಣಸೆಹಣ್ಣು, ಪೀತಾಂಬರಿ ಪುಡಿ ತಂದು ಉಜ್ಜುವುದು ನಮ್ಮ ಮನೆಗಳ ಅಭ್ಯಾಸ. ವಾದ್ಯದ ವಿಷಯದಲ್ಲಿ ಆ ಕೈ ತಡೆಯಿರಿ. ತಯಾರಕನ ಹೆಸರನ್ನು ತಗಡಿನ ಮೇಲೆ ಕೂದಲೆಳೆಯಷ್ಟು ಆಳಕ್ಕೆ ಕೆತ್ತಿರುತ್ತಾರೆ. ಹುಳಿಯಲ್ಲಿ ನಾಲ್ಕು ಸಲ ತಿಕ್ಕಿದರೆ ಅಕ್ಷರದ ಅಂಚು ಸವೆಯುತ್ತದೆ, ಬೆಳ್ಳಿಯ ಲೇಪ ಎದ್ದುಹೋಗುತ್ತದೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟೇ ಸಾಕು. ಸಿಕ್ಕಿಕೊಂಡ ಮೌತ್‌ಪೀಸನ್ನು ಇಕ್ಕಳ ಹಾಕಿ ತಿರುಚಬೇಡಿ, ಕೊಳವೆ ಹರಿಯುತ್ತದೆ. ವಾದ್ಯ ರಿಪೇರಿ ಮಾಡುವವರ ಬಳಿ ಅದನ್ನು ಎಳೆದು ತೆಗೆಯಲೆಂದೇ ಸಲಕರಣೆ ಇರುತ್ತದೆ. ಹಗಲು ಬೆಳಕಿನಲ್ಲಿ ಎಲ್ಲ ಮಗ್ಗುಲಿನಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಉಳಿದ ಕೆಲಸವೆಲ್ಲ ಆಮೇಲೆ.

2. ಯಾವ ವಾದ್ಯವೆಂದು ಮೊದಲು ಖಚಿತಪಡಿಸಿಕೊಳ್ಳಿ

ಹಿತ್ತಾಳೆಯಲ್ಲಿ ಮಾಡಿದ್ದೆಲ್ಲ ಹಿತ್ತಾಳೆ ವಾದ್ಯವಲ್ಲ. ಬಟ್ಟಲಿನಂಥ ಮೌತ್‌ಪೀಸಿಗೆ ತುಟಿ ಒತ್ತಿ, ತುಟಿಯ ಕಂಪನದಿಂದಲೇ ನಾದ ಹೊರಡಿಸುವಂಥದ್ದು ಈ ಕುಟುಂಬಕ್ಕೆ ಸೇರಿದ್ದು. ಸ್ಯಾಕ್ಸೊಫೋನ್‌ನ ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ರೀಡಿನಿಂದ. ಹಾಗಾಗಿ ಅದನ್ನು ಕ್ಲಾರಿನೆಟ್ ಜೊತೆಗೆ ಎಣಿಸುತ್ತಾರೆ. ಅಡಾಲ್ಫ್ ಸ್ಯಾಕ್ಸ್ ಅದಕ್ಕೆ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ಅದೇ ವಾದ್ಯ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕದ್ರಿ ಗೋಪಾಲನಾಥರ ಕಿವಿಗೆ ಬಿದ್ದು, ಅವರ ಮೂಲಕ ಕರ್ನಾಟಕ ಸಂಗೀತದ ಕಛೇರಿ ಏರಿತು.

ಮುಂದೆ ಕೊಳವೆಯ ಆಕಾರ ನೋಡಿ. ಟ್ರಂಪೆಟ್‌ನ ಕೊಳವೆ ಬಹುದೂರ ಒಂದೇ ಅಳತೆಯಲ್ಲಿ ಸಾಗಿ ಕೊನೆಗೆ ಬೆಲ್‌ನಲ್ಲಿ ಅರಳುತ್ತದೆ. ಕಾರ್ನೆಟ್‌ನದು ಮೆಲ್ಲಮೆಲ್ಲಗೆ ಹಿಗ್ಗುತ್ತ ಬರುತ್ತದೆ, ಸುರುಳಿಯೂ ಬಿಗಿ. ಯುಫೋನಿಯಂ ಇನ್ನೂ ಬೇಗ ಹಿಗ್ಗುತ್ತದೆ. ಕೊಳವೆಯ ಮೈಗೆ ದೊಡ್ಡ ಮುಚ್ಚಳದಂಥ ಕೀಲಿಗಳಿದ್ದು ಮೌತ್‌ಪೀಸು ಬಟ್ಟಲಿನಂತಿದ್ದರೆ ನಿಮ್ಮ ಕೈಯಲ್ಲಿರುವುದು ಅಪರೂಪದ ವಸ್ತು. ಅದು ಕೀಲಿ ಬ್ಯೂಗಲ್ ಇರಬಹುದು, 1810ರಲ್ಲಿ ಡಬ್ಲಿನ್‌ನ ಜೋಸೆಫ್ ಹ್ಯಾಲಿಡೇ ಪೇಟೆಂಟ್ ಪಡೆದದ್ದು. ಇಲ್ಲವೆ ಅದರ ದೊಡ್ಡಣ್ಣ ಆಫಿಕ್ಲೈಡ್ ಇರಬಹುದು, ಅದಕ್ಕೆ ಪ್ಯಾರಿಸ್‌ನಲ್ಲಿ ಪೇಟೆಂಟ್ ಸಿಕ್ಕಿದ್ದು 1821ರಲ್ಲಿ.

3. ಬರಹವನ್ನು ಒಂದಕ್ಷರ ಬಿಡದೆ ನಕಲು ಮಾಡಿ

ಬೆಲ್‌ನ ಹೊರಮೈ, ವಾಲ್ವುಗಳ ಪಕ್ಕ, ಮೌತ್‌ಪೀಸು ಕೂರುವ ಕೊಳವೆ, ವಾಲ್ವಿನ ತಳದ ಮುಚ್ಚಳ, ಈ ನಾಲ್ಕು ಜಾಗ ತಪ್ಪಿಸಬೇಡಿ. ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ಕೆತ್ತನೆ ಎದ್ದು ಕಾಣುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಅಚ್ಚು ಮೂಡುತ್ತದೆ.

ಕಂಡ ಹೆಸರು ತಯಾರಕನದೋ, ಮಾರಿದವನದೋ ಎಂದು ಕೇಳಿಕೊಳ್ಳಿ. ಜರ್ಮನಿಯ ಮಾರ್ಕ್‌ನಾಯ್‌ಕಿರ್ಖೆನ್ ಮತ್ತು ಬೊಹೀಮಿಯಾದ ಗ್ರಾಸ್ಲಿಟ್ಸ್ ಸುತ್ತಲಿನ ಕಾರ್ಖಾನೆಗಳು ಲೆಕ್ಕವಿಲ್ಲದಷ್ಟು ವಾದ್ಯಗಳನ್ನು ಹೆಸರಿಲ್ಲದೆ ರಫ್ತು ಮಾಡಿದವು. ಅವುಗಳ ಮೇಲೆ ಅಂಗಡಿಯವರು ತಮ್ಮ ಹೆಸರು ಕೆತ್ತಿಸಿಕೊಂಡರು. ಮದ್ರಾಸಿನ ಮಿಸ್ಕ್ವಿತ್, ಬೊಂಬಾಯಿಯ ಫುರ್ಟಾಡೋಸ್ ಎಂದು ಕಂಡರೆ ಅದು ವಾದ್ಯ ಮಾರಿದ ಅಂಗಡಿ. ಅಂಗಡಿಯ ಹೆಸರೂ ಉಪಯುಕ್ತವೇ, ವಾದ್ಯ ಈ ದೇಶಕ್ಕೆ ಬಂದ ದಾರಿ ಅದರಿಂದ ತಿಳಿಯುತ್ತದೆ. ಆದರೆ ಹುಟ್ಟಿದ ಊರನ್ನು ಬೇರೆಡೆ ಹುಡುಕಬೇಕು.

4. ಹೆಸರಿಗಿಂತ ವಿಳಾಸಕ್ಕೆ ಹೆಚ್ಚು ಬೆಲೆ ಕೊಡಿ

ಕಂಪನಿಯ ಹೆಸರು ನೂರು ವರ್ಷ ಬಾಳಬಹುದು. ವಿಳಾಸ ಅಷ್ಟು ಕಾಲ ಒಂದೇ ಇರುವುದು ಅಪರೂಪ. ವಿನ್ಸೆಂಟ್ ಬಾಕ್‌ನ ಟ್ರಂಪೆಟ್‌ಗಳನ್ನೇ ನೋಡಿ. ಬೆಲ್ ಮೇಲೆ ನ್ಯೂಯಾರ್ಕ್ ಎಂದಿದ್ದರೆ ಅದು ಮೊದಲ ಕಾಲದ್ದು. ಮೌಂಟ್ ವರ್ನನ್ ಎಂದಿದ್ದರೆ ಕಾರ್ಖಾನೆ ಅಲ್ಲಿಗೆ ಹೋದ 1953ರಿಂದ ಈಚಿನದು. 1961ರಲ್ಲಿ ಕಂಪನಿ ಸೆಲ್ಮರ್ ಕೈಸೇರಿ, ಕೆಲವೇ ವರ್ಷಗಳಲ್ಲಿ ಎಲ್ಕ್‌ಹಾರ್ಟ್‌ಗೆ ಸ್ಥಳಾಂತರವಾಯಿತು. ಊರಿನ ಹೆಸರೊಂದೇ ವಾದ್ಯವನ್ನು ಹತ್ತು–ಹನ್ನೆರಡು ವರ್ಷದ ಕಿಂಡಿಯಲ್ಲಿ ಕೂರಿಸುತ್ತದೆ.

ಕಂಪನಿಯ ಹೆಸರಿನ ಬಾಲವನ್ನೂ ಓದಿ. ಅಮೆರಿಕದ ಸಿ.ಜಿ. ಕಾನ್ ಕಂಪನಿ 1887ರಲ್ಲಿ ವೂಸ್ಟರ್‌ನಲ್ಲಿ ಎರಡನೆಯ ಕಾರ್ಖಾನೆ ತೆರೆಯಿತು. ಎಲ್ಕ್‌ಹಾರ್ಟ್ ಮತ್ತು ವೂಸ್ಟರ್ ಎರಡೂ ಊರು ಕೆತ್ತಿದ್ದರೆ ಅದು 19ನೇ ಶತಮಾನದ ಕೊನೆಯ ವರ್ಷಗಳ ವಾದ್ಯ. ಹೆಸರಿನ ಕೊನೆಗೆ ಲಿಮಿಟೆಡ್ ಸೇರಿದ್ದು 1915ರಲ್ಲಿ ಕಾರ್ಲ್ ಗ್ರೀನ್‌ಲೀಫ್ ಕಂಪನಿ ಕೊಂಡ ಮೇಲೆ. ಲಂಡನ್ನಿನ ಬೂಸಿ ಮತ್ತು ಹಾಕ್ಸ್ 1930ರಲ್ಲಿ ಒಂದಾದವು. ಅವೆರಡೂ ಹೆಸರು ಜೊತೆಗಿದ್ದರೆ ವಾದ್ಯ 1930ಕ್ಕಿಂತ ಹಿಂದಿನದಾಗಲಾರದು. ಬೆಸನ್ ಕಂಪನಿ 1948ರಲ್ಲಿ ಇದೇ ಕೂಟದ ಕೈಗೆ ಹೋಯಿತು, ಆದರೆ ಬೆಸನ್ ಹೆಸರಿನ ವಾದ್ಯಗಳು ಆಮೇಲೂ ಬರುತ್ತಲೇ ಇದ್ದವು. ಆದ್ದರಿಂದ ಬೆಸನ್ ಎಂಬ ಹೆಸರಷ್ಟೇ ನೋಡಿ ಹಳೆಯದೆಂದು ತೀರ್ಮಾನಿಸಬೇಡಿ.

5. ಪದಕದ ವರ್ಷವೂ ಪೇಟೆಂಟ್ ವರ್ಷವೂ ಹುಟ್ಟಿದ ವರ್ಷವಲ್ಲ

ಹೆಚ್ಚಿನವರು ಎಡವುವುದು ಇಲ್ಲಿಯೇ. ಲಂಡನ್ 1851, 1862; ಪ್ಯಾರಿಸ್ 1855, 1867, 1878, 1889, 1900. ಈ ಮಹಾ ವಸ್ತುಪ್ರದರ್ಶನಗಳಲ್ಲಿ ಗೆದ್ದ ಪದಕಗಳನ್ನು ತಯಾರಕರು ಬೆಲ್ ಮೇಲೆ ಸಾಲಾಗಿ ಕೆತ್ತಿಸುತ್ತಿದ್ದರು, ಗೆದ್ದು ಹಲವು ದಶಕಗಳಾದ ಮೇಲೂ ಬಿಡುತ್ತಿರಲಿಲ್ಲ. ಆ ಸಾಲಿನಲ್ಲಿ ಕೊನೆಯ ವರ್ಷ ಯಾವುದೋ ಅದೇ ನಿಮ್ಮ ಮೊದಲ ಗಡಿ. ವಾದ್ಯ ಅದಕ್ಕಿಂತ ಹಿಂದಿನದಲ್ಲ, ಎಷ್ಟು ಈಚಿನದೆಂಬುದು ಮಾತ್ರ ಇನ್ನೂ ತಿಳಿಯಬೇಕು.

ಪೇಟೆಂಟ್ ಕಥೆಯೂ ಅದೇ. ಕಾನ್ ಕಂಪನಿಯ ಸ್ಯಾಕ್ಸೊಫೋನ್‌ಗಳ ಮೇಲೆ 1914ರ ಡಿಸೆಂಬರ್ 8 ಎಂಬ ಪೇಟೆಂಟ್ ತಾರೀಖು ಇರುತ್ತದೆ. ಅದನ್ನೇ ಹುಟ್ಟಿದ ದಿನವೆಂದು ನಂಬಿ ಹೆಚ್ಚು ಹಣ ತೆತ್ತವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆ ತಾರೀಖು ಹೊತ್ತ ವಾದ್ಯಗಳು 1920ರ, 1930ರ ದಶಕಗಳಲ್ಲೂ ತಯಾರಾಗುತ್ತಿದ್ದವು.

ಕಾಣಿಕೆಯ ಬರಹ ಇದಕ್ಕೆ ತದ್ವಿರುದ್ಧ. "ಬ್ಯಾಂಡ್‌ಮಾಸ್ಟರಿಗೆ ಸಹೋದ್ಯೋಗಿಗಳ ನೆನಪಿನ ಕಾಣಿಕೆ" ಎಂದು ಇಸವಿ ಸಮೇತ ಕೆತ್ತಿದ್ದರೆ ವಾದ್ಯ ಆ ಇಸವಿಯದು ಅಥವಾ ಅದಕ್ಕಿಂತ ಹಿಂದಿನದು. ನಿಮ್ಮ ಎರಡನೆಯ ಗಡಿ ಅಲ್ಲಿ ಸಿಕ್ಕಿತು. ಇನ್ನು, ಪ್ಯಾರಿಸ್‌ನ ಕ್ವೆನೋಂ ಕಂಪನಿಯ ಹಲವು ವಾದ್ಯಗಳಲ್ಲಿ ಬೆಲ್ ಮೇಲಿನ ಮುದ್ರೆಯ ಬಳಿ ಎರಡೇ ಅಂಕಿ ಕಾಣುತ್ತದೆ. ಅದು ತಯಾರಾದ ವರ್ಷದ ಕೊನೆಯ ಎರಡಂಕಿ. ಇಂಥ ಅದೃಷ್ಟ ಅಪರೂಪ, ಇದ್ದಾಗ ಕಣ್ತಪ್ಪಿಸಿಕೊಳ್ಳಬೇಡಿ.

6. ದೇಶದ ಹೆಸರು ಚರಿತ್ರೆಯನ್ನೇ ಹೇಳುತ್ತದೆ

ಬ್ರಿಟನ್ 1887ರಲ್ಲಿ ಸರಕಿನ ಗುರುತಿನ ಕಾಯ್ದೆ ತಂದಿತು. ಭಾರತದಲ್ಲೂ 1889ರಲ್ಲಿ ಅಂಥದೇ ಕಾಯ್ದೆ ಬಂತು. 1890ರ ಮೆಕಿನ್ಲಿ ಸುಂಕ ಕಾಯ್ದೆ ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರನ್ನು ಕಡ್ಡಾಯ ಮಾಡಿತು. ಹಾಗಾಗಿ ಇಂಗ್ಲಿಷಿನಲ್ಲಿ ಜರ್ಮನಿ ಎಂದೋ ಫ್ರಾನ್ಸ್ ಎಂದೋ ಅಚ್ಚೊತ್ತಿದ ರಫ್ತು ವಾದ್ಯಗಳು ಸಾಮಾನ್ಯವಾಗಿ ಆ ವರ್ಷಗಳಿಂದ ಈಚಿನವು.

ಗಡಿಗಳು ಬದಲಾದಂತೆ ಹೆಸರೂ ಬದಲಾಯಿತು. ಗ್ರಾಸ್ಲಿಟ್ಸ್‌ನ ವಾದ್ಯದ ಮೇಲೆ ಆಸ್ಟ್ರಿಯಾ ಎಂದಿದ್ದರೆ ಅದು 1918ರ ಹಿಂದಿನದು. ಜೆಕೊಸ್ಲೊವಾಕಿಯಾ ಎಂದಿದ್ದರೆ ಆಮೇಲಿನದು. ಪಶ್ಚಿಮ ಜರ್ಮನಿ ಎಂದು ಕಂಡರೆ 1949ರ ಈಚೆಗೆ ಬನ್ನಿ.

7. ವಾಲ್ವಿನ ಮುಂದೆ ಹೆಚ್ಚು ಹೊತ್ತು ನಿಲ್ಲಿ

ಹೆಸರಿಲ್ಲದ ವಾದ್ಯಕ್ಕೆ ವಾಲ್ವೇ ದೊಡ್ಡ ಸಾಕ್ಷಿ. 1818ರಲ್ಲಿ ಹೈನ್‌ರಿಖ್ ಸ್ಟೋಲ್ಜೆಲ್ ಮತ್ತು ಫ್ರೀಡ್‌ರಿಖ್ ಬ್ಲೂಮೆಲ್ ಪ್ರಷ್ಯಾದಲ್ಲಿ ಜಂಟಿಯಾಗಿ ಪೇಟೆಂಟ್ ಪಡೆದಂದಿನಿಂದ ವಾಲ್ವಿನ ಯುಗ ಶುರು. ಅದಕ್ಕೆ ಮೊದಲು ಸ್ವರ ಬದಲಿಸಲು ತುಟಿಯ ಬಿಗಿ, ಟ್ರೊಂಬೋನ್‌ನ ಜಾರುಕೊಳವೆ, ಬೆರಳಿನ ರಂಧ್ರ ಇಲ್ಲವೆ ಕೀಲಿ, ಇಷ್ಟೇ ದಾರಿ ಇತ್ತು.

ಸ್ಟೋಲ್ಜೆಲ್ ವಾಲ್ವಿನ ಪಿಸ್ಟನ್ ಸಣ್ಣಗೆ, ಉದ್ದಕ್ಕೆ ಇರುತ್ತದೆ. ಗಾಳಿ ಅದರ ತಳದಿಂದಲೇ ಸಾಗುವುದರಿಂದ ವಾಲ್ವಿನ ಅಡಿಗೇ ಕೊಳವೆ ಬೆಸೆದಿರುತ್ತದೆ. ಇಂಗ್ಲೆಂಡಿನ ಮೊದಲ ಕಾಲದ ಕಾರ್ನೆಟ್‌ಗಳಲ್ಲಿ, ಅಂದರೆ ಕಾರ್ನೋಪಿಯನ್‌ಗಳಲ್ಲಿ, ಇದನ್ನೇ ಕಾಣುವುದು. ಅಗ್ಗದ ಕಾರ್ನೆಟ್‌ಗಳಲ್ಲಿ ಇದು 19ನೇ ಶತಮಾನದ ಉತ್ತರಾರ್ಧದಲ್ಲೂ ಉಳಿದಿತ್ತು.

ಪೆರಿನೆ ವಾಲ್ವು 1830ರ ದಶಕದ ಕೊನೆಗೆ ಪ್ಯಾರಿಸ್‌ನಲ್ಲಿ ಬಂತು. ಕೊಳವೆಗಳೆಲ್ಲ ಪಕ್ಕದಿಂದ ಹೊರಡುತ್ತವೆ, ತಳಕ್ಕೆ ತಿರುಪಿನ ಮುಚ್ಚಳವಿರುತ್ತದೆ. ಇಂದಿನ ಬ್ಯಾಂಡ್ ಸೆಟ್ಟಿನ ಟ್ರಂಪೆಟ್‌ಗಳಲ್ಲಿ ಇರುವುದೂ ಇದೇ.

ಬರ್ಲಿನ್ ಪಿಸ್ಟನ್ ದಪ್ಪ, ಗಿಡ್ಡ. ಒಳಬರುವ, ಹೊರಹೋಗುವ ಕೊಳವೆಗಳು ಒಂದೇ ಮಟ್ಟದಲ್ಲಿರುತ್ತವೆ. 1830ರ ದಶಕದಲ್ಲಿ ವಿಲ್ಹೆಲ್ಮ್ ವೀಪ್ರೆಖ್ಟ್ ಇದನ್ನು ಪ್ರಷ್ಯಾದ ಸೈನ್ಯದ ಬ್ಯಾಂಡುಗಳಲ್ಲಿ ಬಳಕೆಗೆ ತಂದ. 1835ರಲ್ಲಿ ಅವನೂ ಮೊರಿಟ್ಸ್ ಎಂಬ ತಯಾರಕನೂ ಪೇಟೆಂಟ್ ಪಡೆದ ಮೊದಲ ಟ್ಯೂಬಾಕ್ಕೂ ಇದೇ ವಾಲ್ವು.

ರೋಟರಿ ವಾಲ್ವಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೋಗುವುದಿಲ್ಲ, ಒಳಗಿನ ಉರುಳೆ ತಿರುಗುತ್ತದೆ. 1835ರಲ್ಲಿ ವಿಯೆನ್ನಾದ ಜೋಸೆಫ್ ರೀಡ್ಲ್ ಇದಕ್ಕೆ ಹಕ್ಕು ಪಡೆದ. ಜರ್ಮನಿ, ಆಸ್ಟ್ರಿಯಾ, ಬೊಹೀಮಿಯಾಗಳ ವಾದ್ಯಗಳಲ್ಲಿ ಇದರದೇ ಮೇಲುಗೈ.

ವಿಯೆನ್ನಾ ವಾಲ್ವಿನಲ್ಲಿ ಪ್ರತಿ ಬೆರಳಿಗೂ ಜೋಡಿ ಪಿಸ್ಟನ್ ಇರುತ್ತದೆ, ಉದ್ದನೆಯ ಕಡ್ಡಿ ಅದನ್ನು ತಳ್ಳುತ್ತದೆ. 1830ರಲ್ಲಿ ಲಿಯೊಪೋಲ್ಡ್ ಉಲ್‌ಮನ್ ಇದಕ್ಕೆ ಹಕ್ಕು ಪಡೆದ. ವಿಯೆನ್ನಾ ಫಿಲ್ಹಾರ್ಮೋನಿಕ್‌ನ ಹಾರ್ನ್ ವಾದಕರು ಇಂದಿಗೂ ಇದನ್ನೇ ನುಡಿಸುತ್ತಾರೆ, ಹೊಸದಾಗಿಯೂ ಮಾಡುತ್ತಾರೆ. ಹಳೆಯ ವಿನ್ಯಾಸ ಇದ್ದ ಮಾತ್ರಕ್ಕೆ ವಾದ್ಯ ಹಳೆಯದಾಗುವುದಿಲ್ಲ. ವಾಲ್ವು ಖಚಿತವಾಗಿ ಕೊಡುವುದು ಹಿಂದಿನ ಗಡಿ ಮಾತ್ರ.

ಯುಫೋನಿಯಂ, ಟ್ಯೂಬಾಗಳ ವಾಲ್ವಿನ ಹಿಂಬದಿಯಲ್ಲಿ ಪುಟ್ಟ ಕೊಳವೆಗಳ ಇನ್ನೊಂದು ಸಾಲು ಇದೆಯೇ ನೋಡಿ. ಹಲವು ವಾಲ್ವು ಒಟ್ಟಿಗೆ ಒತ್ತಿದಾಗ ಸ್ವರ ಏರಿ ಅಪಸ್ವರವಾಗುವುದನ್ನು ಸರಿಪಡಿಸುವ ಏರ್ಪಾಡು ಅದು. ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿ ಅದಕ್ಕೆ 1874ರಲ್ಲಿ ಪೇಟೆಂಟ್ ಪಡೆದರು. ಟ್ರೊಂಬೋನ್‌ಗೆ ವಾಲ್ವಿನ ಸಾಕ್ಷಿ ಇಲ್ಲ, ಅದರ ಮೂಲರೂಪ 15ನೇ ಶತಮಾನದಷ್ಟು ಹಳೆಯದು. ಆದರೆ ಹೆಬ್ಬೆರಳಿನಿಂದ ಒತ್ತುವ ಒಂದು ವಾಲ್ವು ಇದ್ದರೆ ಅದು 1839ರಿಂದ ಈಚಿನದು. ಆ ಜೋಡಣೆ ಲೈಪ್ಸಿಗ್‌ನ ಸಾಟ್ಲರ್‌ನದು.

8. ಬೆಸುಗೆಯನ್ನೂ ಲೇಪವನ್ನೂ ಬೇರೆ ಬೇರೆ ಓದಿ

ಬೆಲ್‌ನ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಳೆಯ ಕಸುಬಿನಲ್ಲಿ ತಗಡನ್ನು ಕತ್ತರಿಸಿ, ಅಂಚಿಗೆ ಹಲ್ಲು ಬಿಡಿಸಿ, ಒಂದರೊಳಗೊಂದು ಕೂರಿಸಿ ಬೆಸೆದು, ಆಮೇಲೆ ಅಚ್ಚಿನ ಮೇಲೆ ಬಡಿದು ಅರಳಿಸುತ್ತಿದ್ದರು. ಆ ಹಲ್ಲಿನ ಗೆರೆ ಮಸುಕಾಗಿಯಾದರೂ ಕಾಣುತ್ತದೆ. ಇದು ಕೈಗೆಲಸದ ಗುರುತು. ಒಳ್ಳೆಯ ತಯಾರಕರು ಇಂದಿಗೂ ಬೆಸುಗೆಯ ಬೆಲ್ ಮಾಡುವುದರಿಂದ ಇದೊಂದನ್ನೇ ವಯಸ್ಸಿನ ಸಾಕ್ಷಿ ಮಾಡಿಕೊಳ್ಳಬೇಡಿ. ವಾಲ್ವಿಲ್ಲದ ಹಳೆಯ ಟ್ರಂಪೆಟ್‌ಗಳಲ್ಲಿ ಬೆಲ್‌ನ ಅಂಚಿಗೆ ಅಗಲವಾದ ಪಟ್ಟಿ ಸುತ್ತಿರುತ್ತದೆ. 17–18ನೇ ಶತಮಾನದ ನ್ಯೂರೆಂಬರ್ಗ್ ಕುಶಲಕರ್ಮಿಗಳು ತಮ್ಮ ಹೆಸರು, ಊರು, ಗುರುತು ಮೂರನ್ನೂ ಆ ಪಟ್ಟಿಯ ಮೇಲೆ ಕೆತ್ತುತ್ತಿದ್ದರು. ಹಾಸ್ ಮನೆತನದ ಗುರುತು ನೆಗೆಯುವ ಮೊಲ.

ಲೇಪದ ಲೆಕ್ಕ ಬೇರೆ. ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವುದು ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್‌ಟನ್ 1840ರಲ್ಲಿ ಪೇಟೆಂಟ್ ಪಡೆದ ಮೇಲೆ ಹಬ್ಬಿದ ವಿದ್ಯೆ. ಕ್ರೋಮ್ ಲೇಪ 1920ರ ದಶಕದಿಂದ ಈಚಿನದು. ಆದರೆ ಹಳೆಯ ವಾದ್ಯಕ್ಕೆ ಹೊಸ ಲೇಪ ಹಾಕಿಸುವುದು ಸಾಮಾನ್ಯ, ಲೇಪ ತನ್ನ ವಯಸ್ಸನ್ನಷ್ಟೇ ಹೇಳುತ್ತದೆ. ಹೊಸ ಲೇಪದ ಕೆಳಗೆ ಸವೆದ ಅಕ್ಷರ ಮಂಕಾಗಿ ಕಂಡರೆ ಸಂಗತಿ ಅದೇ ಎಂದು ತಿಳಿಯಿರಿ. ಹಿತ್ತಾಳೆಯ ಮೇಲೆ ಕೆಂಪು ಚುಕ್ಕೆಗಳಿದ್ದರೆ ಲೋಹದೊಳಗಿನ ಸತುವು ಬಿಟ್ಟುಹೋಗುತ್ತಿದೆ. ಅಲ್ಲಿ ಒತ್ತಿ ಉಜ್ಜಿದರೆ ತೂತು ಬೀಳುತ್ತದೆ.

9. ಊದಿ ಶ್ರುತಿ ಅಳೆಯಿರಿ

ಇಂದು ಲೋಕವೆಲ್ಲ ಎ ಸ್ವರವನ್ನು ಸೆಕೆಂಡಿಗೆ 440 ಕಂಪನಕ್ಕೆ ಹೊಂದಿಸುತ್ತದೆ. ಈ ಒಪ್ಪಂದ 1939ರದು. ವಿಕ್ಟೋರಿಯಾ ಕಾಲದ ಬ್ರಿಟನ್ನಿನ ಬ್ಯಾಂಡುಗಳು ಸುಮಾರು 452ರಲ್ಲಿ ನುಡಿಸುತ್ತಿದ್ದವು. ಅಂದರೆ ಇಂದಿನದಕ್ಕಿಂತ ಹೆಚ್ಚು ಕಡಿಮೆ ಕಾಲು ಸ್ವರದಷ್ಟು ಮೇಲೆ. ಬ್ರಿಟಿಷ್ ಸೈನ್ಯ 1920ರ ದಶಕದ ಕೊನೆಗೆ ಕೆಳಗಿನ ಶ್ರುತಿಗೆ ಇಳಿಯಿತು. ಅಲ್ಲಿನ ಹಿತ್ತಾಳೆ ಬ್ಯಾಂಡುಗಳು ಮಾತ್ರ 1960ರ ದಶಕದವರೆಗೂ ಮೇಲಿನ ಶ್ರುತಿಯನ್ನೇ ಹಿಡಿದಿದ್ದವು.

ಅನುಭವಿ ವಾದಕರಿಂದ ಊದಿಸಿ, ಮೊಬೈಲಿನ ಟ್ಯೂನರ್‌ನಲ್ಲಿ ನೋಡಿ. ಶ್ರುತಿ ಹೊಂದಿಸುವ ಜಾರುಕೊಳವೆ ಪೂರ್ತಿ ಒಳಗಿದ್ದಾಗ ಒಮ್ಮೆ, ಹೊರಗೆಳೆದಾಗ ಒಮ್ಮೆ ಅಳೆಯಿರಿ. ಎಷ್ಟೇ ಎಳೆದರೂ 440ಕ್ಕೆ ಇಳಿಯದಿದ್ದರೆ ಅದು ಮೇಲಿನ ಶ್ರುತಿಯ ಕಾಲದ್ದಿರಬೇಕು. ಎಚ್.ಪಿ. ಎಂದರೆ ಮೇಲಿನ ಶ್ರುತಿ, ಎಲ್.ಪಿ. ಎಂದರೆ ಕೆಳಗಿನದು. ಈ ಅಕ್ಷರಗಳಿಗಾಗಿ ವಾಲ್ವಿನ ಸುತ್ತ ಹುಡುಕಿ.

10. ದಂಡಿನ ಮುದ್ರೆ ಹುಡುಕಿ

ಬೆಂಗಳೂರಿನ ದಂಡು 1809ರಲ್ಲಿ ನೆಲೆಯೂರಿತು. ಅಲ್ಲಿಂದ ಮುಂದೆ ಪಲ್ಟನ್ನುಗಳ ಜೊತೆ ಬ್ಯಾಂಡುಗಳೂ ಈ ಊರಿಗೆ ಬಂದವು. ಹಾಗಾಗಿ ನಮ್ಮಲ್ಲಿ ಸಿಗುವ ಬ್ಯೂಗಲ್‌ಗಳಲ್ಲಿ ಸೈನ್ಯದ ಮುದ್ರೆ ಇರುವ ಸಾಧ್ಯತೆ ಹೆಚ್ಚು. ಮೂರು ಗೆರೆಯ ಬಾಣದ ತಲೆ ಬ್ರಿಟಿಷ್ ಸರ್ಕಾರದ ಸ್ವತ್ತೆಂಬ ಗುರುತು. ಅದರ ಜೊತೆ ಇಂಗ್ಲಿಷಿನ ಐ ಅಕ್ಷರವಿದ್ದರೆ ಭಾರತದ ಸೈನ್ಯದ್ದು. ಹಾಕ್ಸ್, ಹೆನ್ರಿ ಪಾಟರ್, ಹೆನ್ರಿ ಕೀಟ್ ಮೊದಲಾದ ತಯಾರಕರ ಬ್ಯೂಗಲ್‌ಗಳಲ್ಲಿ ಎಷ್ಟೋ ಸಲ ಇಸವಿಯೂ ಒತ್ತಿರುತ್ತದೆ. ಪಲ್ಟನ್ನಿನ ಹೆಸರಿದ್ದರೆ ಆ ಹೆಸರು ಯಾವಾಗ ಬಂತು, ಯಾವಾಗ ಬದಲಾಯಿತು ಎಂದು ಸೈನ್ಯದ ಚರಿತ್ರೆಯಲ್ಲಿ ನೋಡಿ. ಎರಡೂ ಗಡಿ ಅಲ್ಲೇ ಸಿಗುತ್ತವೆ.

11. ಸರಣಿ ಸಂಖ್ಯೆಯನ್ನು ದಾಖಲೆಯ ಎದುರಿಗಿಡಿ

ಸಂಖ್ಯೆ ಸಾಮಾನ್ಯವಾಗಿ ಎರಡನೆಯ ವಾಲ್ವಿನ ಮೇಲೆ ಇಲ್ಲವೆ ಬೆಲ್ ಮೇಲಿರುತ್ತದೆ. ಅದು ಬರೀ ಅಂಕಿ, ಯಾವ ಕಂಪನಿಯ ಯಾವ ಸರಣಿ ಎಂದು ತಿಳಿದಾಗಲೇ ಅದಕ್ಕೆ ಅರ್ಥ. ಕಾನ್ ಕಂಪನಿಯಲ್ಲಿ ಸ್ಯಾಕ್ಸೊಫೋನ್‌ಗೆ ಒಂದು ಪಟ್ಟಿ, ಟ್ರಂಪೆಟ್‌ಗೆ ಇನ್ನೊಂದು. ಪಟ್ಟಿ ಅದಲುಬದಲಾದರೆ ವರ್ಷಗಳೇ ತಪ್ಪುತ್ತವೆ.

ಬೂಸಿ, ಹಾಕ್ಸ್, ಬೆಸನ್ ಕಂಪನಿಗಳ ಹಳೆಯ ಲೆಕ್ಕಪುಸ್ತಕಗಳು ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿವೆ. ಸಂಖ್ಯೆ, ಫೋಟೊ, ಕೆತ್ತನೆಯ ನಕಲು ಮೂರನ್ನೂ ಸೇರಿಸಿ ವಿನಯದಿಂದ ಬರೆದು ಕೇಳಿ. ತಯಾರಕರ ಹೆಸರು, ವಿಳಾಸಗಳಿಗೆ ವಿಲಿಯಂ ವಾಟರ್‌ಹೌಸ್ 1993ರಲ್ಲಿ ಹೊರತಂದ ನ್ಯೂ ಲ್ಯಾಂಗ್‌ವಿಲ್ ಇಂಡೆಕ್ಸ್ ಆಧಾರಗ್ರಂಥ. ಎಡಿನ್‌ಬರೋದ ಸೇಂಟ್ ಸಿಸಿಲಿಯಾಸ್ ಹಾಲ್, ಅಮೆರಿಕದ ವರ್ಮಿಲಿಯನ್‌ನಲ್ಲಿರುವ ನ್ಯಾಷನಲ್ ಮ್ಯೂಸಿಕ್ ಮ್ಯೂಸಿಯಂ, ಬ್ರಸೆಲ್ಸ್‌ನ ವಾದ್ಯ ಸಂಗ್ರಹಾಲಯ, ಇವುಗಳ ಚಿತ್ರಗಳೊಂದಿಗೆ ನಿಮ್ಮದನ್ನು ಹೋಲಿಸಿ. 1877ರಲ್ಲಿ ಶುರುವಾದ ಬ್ರಸೆಲ್ಸ್ ಸಂಗ್ರಹಕ್ಕೆ ಬುನಾದಿ ಹಾಕಿದ್ದರಲ್ಲಿ ಕಲ್ಕತ್ತೆಯ ಸೌರೀಂದ್ರ ಮೋಹನ ಟಾಗೋರ್ ಕಳಿಸಿದ ಭಾರತೀಯ ವಾದ್ಯಗಳೂ ಇದ್ದವು.

12. ಜೋಡಿಸಿದ್ದು ಯಾವುದು, ಅಲಂಕಾರಕ್ಕೆ ಮಾಡಿದ್ದು ಯಾವುದು ಎಂದು ಬೇರ್ಪಡಿಸಿ

ನೂರು ವರ್ಷ ದುಡಿದ ವಾದ್ಯಕ್ಕೆ ಬೇರೆಯದರ ಬೆಲ್, ಬೇರೆಯದರ ಪಿಸ್ಟನ್ ಕೂಡಿರುವುದುಂಟು. ಪಿಸ್ಟನ್ ಮತ್ತು ಅದರ ಗೂಡಿನ ಮೇಲಿನ ಅಂಕಿಗಳು ಒಂದೇ ಆಗಿವೆಯೇ, ಲೋಹದ ಬಣ್ಣ ಒಂದೇ ಇದೆಯೇ ನೋಡಿ. ಮೌತ್‌ಪೀಸು, ಪೆಟ್ಟಿಗೆ ಎರಡೂ ಸುಲಭವಾಗಿ ಅದಲುಬದಲಾಗುವ ವಸ್ತುಗಳು, ಅವುಗಳ ಮೇಲಿನ ಹೆಸರನ್ನು ವಾದ್ಯಕ್ಕೆ ಹಚ್ಚಬೇಡಿ.

ಭಾರತದಲ್ಲಿ ತಯಾರಾದದ್ದೆಲ್ಲ ನಕಲಿ ಎಂಬ ಭ್ರಮೆಯೂ ಬೇಡ. ಮೀರತ್‌ನ ಜಾಲಿ ಕೋಠಿ ಇಡೀ ದೇಶದ ಮದುವೆ ಬ್ಯಾಂಡುಗಳಿಗೆ ವಾದ್ಯ ಒದಗಿಸುವ ಬೀದಿ. 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿಯ ಊರು ಅದು. ಅಲ್ಲಿನ ಹಳೆಯ ವಾದ್ಯಕ್ಕೆ ತನ್ನದೇ ಗೌರವವಿದೆ. ಎಚ್ಚರ ಬೇಕಾದ್ದು ಗೋಡೆಗೆ ನೇತುಹಾಕಲೆಂದೇ ಮಾಡಿ, ಹಳೆಯ ಇಸವಿ ಒತ್ತಿ, ಹುಳಿ ಹಚ್ಚಿ ಮಂಕು ಮಾಡಿದ ಬ್ಯೂಗಲ್‌ಗಳ ಬಗ್ಗೆ. ಕೈ ಹಿಡಿಯುವ ಜಾಗದಲ್ಲಿ ಸವೆತ ಇರುವುದಿಲ್ಲ, ಬೆಸುಗೆ ಗಡ್ಡೆಗಟ್ಟಿರುತ್ತದೆ, ಮೂಲೆಯಲ್ಲೂ ಬಯಲಲ್ಲೂ ಕಿಲುಬು ಒಂದೇ ಸಮ ಇರುತ್ತದೆ, ಊದಿದರೆ ಸ್ವರಗಳು ಕೂಡುವುದಿಲ್ಲ. ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ ಬೆಲೆ ಮಾತಾಡುವ ಮುನ್ನ ಈ ನಾಲ್ಕನ್ನೂ ಪರೀಕ್ಷಿಸಿ.

13. ತೀರ್ಪನ್ನು ಆಧಾರ ಸಮೇತ ಬರೆದಿಡಿ

ಒಂದು ಯುಫೋನಿಯಂ ಸಿಕ್ಕಿದೆ ಎಂದುಕೊಳ್ಳಿ. ಬೆಲ್ ಮೇಲೆ "ಬೂಸಿ ಅಂಡ್ ಕಂಪನಿ, 295 ರೀಜೆಂಟ್ ಸ್ಟ್ರೀಟ್, ಲಂಡನ್" ಎಂದಿದೆ. ಆ ವಿಳಾಸಕ್ಕೆ ಕಂಪನಿ ಬಂದದ್ದು 1874ರಲ್ಲಿ, ಆ ಹೆಸರು ಮುಗಿದದ್ದು 1930ರಲ್ಲಿ. ವಾಲ್ವಿನ ಹಿಂದೆ ಬ್ಲೇಕ್ಲಿಯ ಪುಟ್ಟ ಕೊಳವೆಗಳಿವೆ, ಅವೂ 1874ನ್ನೇ ತೋರಿಸುತ್ತವೆ. ಬಾಣದ ಗುರುತು, ಐ ಅಕ್ಷರ ಎರಡೂ ಇವೆ, ಹಾಗಾಗಿ ಭಾರತದ ಸೈನ್ಯಕ್ಕೆ ಬಂದದ್ದು. ಶ್ರುತಿ ಮೇಲಿನದು, ಆದ್ದರಿಂದ 1920ರ ದಶಕದ ಕೊನೆಗಿಂತ ಈಚಿನದಾಗಿರುವ ಸಂಭವ ಕಡಿಮೆ. ಈಗ ಬರೆಯಿರಿ: "1874 ಮತ್ತು 1920ರ ದಶಕದ ಕೊನೆಯ ನಡುವೆ, ಆಧಾರ: ವಿಳಾಸ, ವಾಲ್ವು, ಸೈನ್ಯದ ಮುದ್ರೆ, ಶ್ರುತಿ." ಸರಣಿ ಸಂಖ್ಯೆಗೆ ಲಂಡನ್ನಿನಿಂದ ಉತ್ತರ ಬಂದ ದಿನ ಈ ಅರ್ಧ ಶತಮಾನ ಒಂದೇ ವರ್ಷಕ್ಕೆ ಇಳಿಯಬಹುದು.

ಆ ಚೀಟಿಯನ್ನು ವಾದ್ಯದ ಪೆಟ್ಟಿಗೆಯಲ್ಲೇ ಇಡಿ. ಎಷ್ಟೋ ಹಳೆಯ ವಾದ್ಯಗಳು ಕುಲುಮೆ ಸೇರುವುದು ಅವು ಏನೆಂದು ಯಾರಿಗೂ ಗೊತ್ತಿಲ್ಲದ್ದರಿಂದ. ಹೆಸರು, ಊರು, ಕಾಲ ಬರೆದಿಟ್ಟ ವಾದ್ಯವನ್ನು ಮುಂದಿನ ತಲೆಮಾರು ತೂಕಕ್ಕೆ ಹಾಕಲು ಹಿಂಜರಿಯುತ್ತದೆ.